ಚುಕ್ಕೆ-ಅಂಡರ್‌ಸ್ಕೋರ್ ಫೈಲುಗಳು: ಮ್ಯಾಕ್‌ನಿಂದ ಹೊರಬಂದ ಮೆಟಾಡೇಟಾದ ದೋಷ ನಿವಾರಣೆ ಕೈಪಿಡಿ

ಲಕ್ಷಣಗಳು

ಮ್ಯಾಕ್ ಗಣಕದಲ್ಲಿ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತಿದ್ದ ಒಂದು ಫೋಲ್ಡರನ್ನು ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32 ಮಾದರಿಯ ಡಿಸ್ಕಿಗೆ ನಕಲು ಮಾಡಿ, ಅಲ್ಲಿಂದ ಲಿನಕ್ಸ್ ಸರ್ವರಿಗೋ ವಿಂಡೋಸ್ ಗಣಕಕ್ಕೋ ಸಾಗಿಸಿದಾಗ, ಫೈಲುಗಳ ಎಣಿಕೆ ಹೆಚ್ಚುಕಡಿಮೆ ಇಮ್ಮಡಿಯಾಗಿರುವುದು ಕಂಡುಬರುತ್ತದೆ. ‘ವರದಿ.ಸಿಎಸ್‌ವಿ’ ಎಂಬ ಫೈಲಿನ ಪಕ್ಕದಲ್ಲಿ ‘._ವರದಿ.ಸಿಎಸ್‌ವಿ’ ಎಂಬ ಇನ್ನೊಂದು ಫೈಲು ಬಂದು ಕೂತಿರುತ್ತದೆ. ಅದರ ಗಾತ್ರ ಬಹಳಷ್ಟು ಸಲ ಸರಿಯಾಗಿ 4096 ಬೈಟ್ ಇರುತ್ತದೆ. ಅದನ್ನು ತೆರೆಯಲು ಹೋದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ, ಇಲ್ಲವೇ ಫೈಲು ಹಾಳಾಗಿದೆ ಎಂಬ ಸೂಚನೆ ಬರುತ್ತದೆ.

ಇದೇ ದೋಷ ಬೇರೆ ಬೇರೆ ರೂಪದಲ್ಲಿಯೂ ಎದುರಾಗುತ್ತದೆ. ಫೋಲ್ಡರಿನಲ್ಲಿರುವ ಸಿಎಸ್‌ವಿ ಫೈಲುಗಳನ್ನೆಲ್ಲ ಒಂದೊಂದಾಗಿ ಓದುವ ಪೈಥಾನ್ ಪ್ರೋಗ್ರಾಂ, 37ನೆಯ ಸ್ಥಾನದಲ್ಲಿರುವ ‘ಬಿ0’ ಎಂಬ ಹೆಕ್ಸ್ ಬೈಟನ್ನು ಯುಟಿಎಫ್-8 ಎಂದು ಓದಲಾಗುತ್ತಿಲ್ಲವೆಂದು ಹೇಳಿ ನಿಂತುಬಿಡುತ್ತದೆ. ಗಿಟ್ ರೆಪಾಸಿಟರಿಯೊಂದನ್ನು ಇದೇ ದಾರಿಯಲ್ಲಿ ಸಾಗಿಸಿದ್ದರೆ, ‘ನಾನ್-ಮೊನೊಟೋನಿಕ್ ಇಂಡೆಕ್ಸ್’ ಎಂಬ ದೋಷ ಸಂದೇಶವು ‘._ಪ್ಯಾಕ್’ ಎಂದು ಆರಂಭವಾಗುವ ಫೈಲಿನ ಹೆಸರನ್ನು ಹೊತ್ತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಳೆಯ ಮ್ಯಾಕ್‌ನ ಫಾಂಟುಗಳ ಸಂಗ್ರಹವನ್ನು ಸಾಗಿಸಿದ್ದರೆ ಸ್ಥಿತಿ ಇನ್ನೂ ಗಂಭೀರವಾಗಿರುತ್ತದೆ: ಹೆಸರುಗಳೆಲ್ಲ ಇರುತ್ತವೆ, ಆದರೆ ಪ್ರತಿಯೊಂದರ ಗಾತ್ರವೂ 0 ಬೈಟ್ ಎಂದು ತೋರುತ್ತದೆ.

ಈ ತೊಂದರೆಗೆ ಎಲ್ಲೆಡೆ ಸಿಗುವ ಪರಿಹಾರ ಒಂದೇ: ‘._’ ಎಂದು ಆರಂಭವಾಗುವ ಫೈಲುಗಳನ್ನೆಲ್ಲ ಅಳಿಸಿಹಾಕಿ. ಪೈಥಾನ್ ಮತ್ತು ಗಿಟ್‌ನ ಪ್ರಕರಣಗಳಲ್ಲಿ ಆ ಸಲಹೆ ಸರಿ. ಫಾಂಟುಗಳ ಪ್ರಕರಣದಲ್ಲಿ ಅದೇ ಸಲಹೆ ಸಂಗ್ರಹವನ್ನು ಮರಳಿ ಪಡೆಯಲಾಗದಂತೆ ನಾಶ ಮಾಡುತ್ತದೆ, ಏಕೆಂದರೆ ಅಲ್ಲಿ ನಿಜವಾದ ಫಾಂಟ್ ಇರುವುದು ಆ ‘._’ ಫೈಲಿನ ಒಳಗೆ. ಆದ್ದರಿಂದ ಅಳಿಸುವ ಮೊದಲು ಒಳಗೆ ಏನಿದೆ ಎಂದು ಓದಿ ನೋಡಲೇಬೇಕು. ಓದುವುದು ಕಷ್ಟವೂ ಅಲ್ಲ, ಏಕೆಂದರೆ ಇದರ ರಚನೆ ಬಹಿರಂಗವಾಗಿದೆ ಮತ್ತು ತೀರ ಸರಳವಾಗಿದೆ.

ಈ ಫೈಲುಗಳು ಏಕೆ ಹುಟ್ಟುತ್ತವೆ

1984ರಲ್ಲಿ ಬಂದ ಮೊದಲ ಮ್ಯಾಕಿಂತೋಷ್‌ನಿಂದಲೇ ಒಂದು ಫೈಲಿಗೆ ಎರಡು ಭಾಗಗಳಿದ್ದವು. ಸಾಮಾನ್ಯ ದತ್ತಾಂಶ ಇರುವುದು ಡೇಟಾ ಫೋರ್ಕ್. ಐಕಾನು, ಮೆನು, ಅಕ್ಷರರೂಪ ಇತ್ಯಾದಿಗಳನ್ನು ವ್ಯವಸ್ಥಿತವಾಗಿ ಇಡುವುದು ರಿಸೋರ್ಸ್ ಫೋರ್ಕ್. ಇವೆರಡರ ಜೊತೆಗೆ, ಮ್ಯಾಕ್‌ನಲ್ಲಿ ಫೈಲುಗಳನ್ನು ತೋರಿಸುವ ತಂತ್ರಾಂಶವಾದ ಫೈಂಡರ್‌ಗಾಗಿ 32 ಬೈಟುಗಳ ಫೈಂಡರ್ ಮಾಹಿತಿ ಇರುತ್ತಿತ್ತು. ಅದರ ಮೊದಲ ನಾಲ್ಕು ಬೈಟುಗಳಲ್ಲಿ ಫೈಲಿನ ಬಗೆ, ನಂತರದ ನಾಲ್ಕರಲ್ಲಿ ಅದನ್ನು ಸೃಷ್ಟಿಸಿದ ತಂತ್ರಾಂಶದ ಗುರುತು. ಬೇರೆ ಗಣಕಗಳ ಫೈಲ್ ಸಿಸ್ಟಂಗಳಲ್ಲಿ ಇವಕ್ಕೆ ಜಾಗವೇ ಇರಲಿಲ್ಲ. ಆ್ಯಪಲ್ ತನ್ನ ಯುನಿಕ್ಸ್ ಆದ ಎ/ಯುಎಕ್ಸ್‌ಗಾಗಿ ಆ್ಯಪಲ್‌ಸಿಂಗಲ್, ಆ್ಯಪಲ್‌ಡಬಲ್ ಎಂಬ ಎರಡು ವಿನ್ಯಾಸಗಳನ್ನು ರೂಪಿಸಿತು. ಮೊದಲನೆಯದು ಎಲ್ಲವನ್ನೂ ಒಂದೇ ಫೈಲಿಗೆ ತುಂಬುತ್ತದೆ. ಎರಡನೆಯದು ಡೇಟಾ ಫೋರ್ಕನ್ನು ಮೂಲ ಹೆಸರಿನಲ್ಲಿ ಹಾಗೆಯೇ ಬಿಟ್ಟು, ಉಳಿದದ್ದನ್ನೆಲ್ಲ ಪಕ್ಕದ ಇನ್ನೊಂದು ಫೈಲಿನಲ್ಲಿ ಇಡುತ್ತದೆ. 1994ರ ಡಿಸೆಂಬರಿನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1740 ಇವನ್ನು ಇಮೇಲ್ ಮೂಲಕ ಕಳಿಸುವ ಕ್ರಮವನ್ನು ವಿವರಿಸುತ್ತದೆ.

ಎರಡನೆಯ ವಿನ್ಯಾಸವೇ ಇಂದಿಗೂ ಉಳಿದುಬಂದಿರುವುದು, ಮತ್ತು ನನ್ನ ದೃಷ್ಟಿಯಲ್ಲಿ ಅದು ಸರಿಯಾದ ಆಯ್ಕೆ: ಮೆಟಾಡೇಟಾ ಅರ್ಥವಾಗದ ಯಂತ್ರವೂ ಮುಖ್ಯ ಫೈಲನ್ನು ತೆರೆಯಬಲ್ಲದು. ಎ/ಯುಎಕ್ಸ್‌ನಲ್ಲಿ ಜೊತೆ ಫೈಲಿನ ಹೆಸರಿನ ಮುಂದೆ ಶೇಕಡಾ ಚಿಹ್ನೆ ಇರುತ್ತಿತ್ತು. ಈಗಿನ ಮ್ಯಾಕ್‌ಓಎಸ್‌ನಲ್ಲಿ ಚುಕ್ಕೆ ಮತ್ತು ಅಂಡರ್‌ಸ್ಕೋರ್ ಇರುತ್ತವೆ. ಈಗ ಅದರೊಳಗೆ ಹೋಗುವುದು ರಿಸೋರ್ಸ್ ಫೋರ್ಕ್ ಮಾತ್ರವಲ್ಲ. ಈಗಿನ ಮ್ಯಾಕ್‌ಗಳ ಫೈಲ್ ಸಿಸ್ಟಂ ಆದ ಎಪಿಎಫ್‌ಎಸ್ ಮೇಲಿರುವ ಫೈಲಿಗೆ ಅಂಟಿಕೊಂಡಿರುವ ವಿಸ್ತೃತ ಗುಣಲಕ್ಷಣಗಳೆಲ್ಲ, ಅಂದರೆ ಬಣ್ಣದ ಟ್ಯಾಗುಗಳು, ಇಳಿಸಿಕೊಂಡ ಜಾಲವಿಳಾಸ, ಹೊರಗಿನಿಂದ ಬಂದ ಫೈಲೆಂದು ಎಚ್ಚರಿಸುವ ಕ್ವಾರಂಟೈನ್ ಗುರುತು ಎಲ್ಲವೂ, ಎಕ್ಸ್‌ಫ್ಯಾಟ್‌ಗೆ ಹೋಗುವಾಗ ಈ ಫೈಲಿನಲ್ಲಿ ಇಳಿಯುತ್ತವೆ. 2022ರ ವೆಂಚುರಾ ಆವೃತ್ತಿಯಿಂದ ಈಚೆಗೆ ‘ಕಾಮ್.ಆ್ಯಪಲ್.ಪ್ರಾವೆನೆನ್ಸ್’ ಎಂಬ ಗುಣಲಕ್ಷಣ ಬಹಳಷ್ಟು ಫೈಲುಗಳಿಗೆ ತಾನಾಗಿಯೇ ಅಂಟುತ್ತಿರುವುದರಿಂದ, ಮೊದಲು ಅಲ್ಲಲ್ಲಿ ಕಾಣುತ್ತಿದ್ದ ‘._’ ಫೈಲುಗಳು ಈಗ ಎಲ್ಲೆಲ್ಲೂ ಕಾಣತೊಡಗಿವೆ. ವಿಂಡೋಸ್ ಪೂರ್ವನಿಯೋಜಿತವಾಗಿ ಸಿದ್ಧಪಡಿಸಿದ, 32 ಜಿಬಿಗಿಂತ ದೊಡ್ಡದಾದ ಎಕ್ಸ್‌ಫ್ಯಾಟ್ ಡಿಸ್ಕಿನಲ್ಲಿ ಒಂದು ಕ್ಲಸ್ಟರ್, ಅಂದರೆ ಫೈಲೊಂದಕ್ಕೆ ಕೊಡುವ ಅತಿ ಚಿಕ್ಕ ಜಾಗ, 128 ಕೆಬಿ ಇರುವುದರಿಂದ, 4 ಕೆಬಿಯ ‘._’ ಫೈಲೂ ಅಷ್ಟು ಜಾಗವನ್ನು ಹಿಡಿಯುತ್ತದೆ. ಅಂಥ ಒಂದು ಲಕ್ಷ ಫೈಲುಗಳಿದ್ದರೆ ಸುಮಾರು 13 ಜಿಬಿ ಇವುಗಳಿಗೇ ಹೋಗುತ್ತದೆ.

ಮೊದಲ ಪರೀಕ್ಷೆ: ಇದು ನಿಜವಾಗಿಯೂ ಆ್ಯಪಲ್‌ಡಬಲ್ ಹೌದೇ

ಹೆಸರನ್ನು ನೋಡಿ ತೀರ್ಮಾನಿಸಬಾರದು. ಆರ್‌ಸಿಂಕ್ ನಕಲು ಮಾಡುವಾಗ ತಾತ್ಕಾಲಿಕ ಫೈಲಿಗೆ ಮೂಲ ಹೆಸರಿನ ಮುಂದೆ ಒಂದು ಚುಕ್ಕೆ, ಕೊನೆಗೆ ಇನ್ನೊಂದು ಚುಕ್ಕೆ ಮತ್ತು ಆರು ಅಕ್ಷರಗಳನ್ನು ಸೇರಿಸುತ್ತದೆ. ಮೂಲ ಹೆಸರೇ ಅಂಡರ್‌ಸ್ಕೋರಿನಿಂದ ಆರಂಭವಾಗಿದ್ದರೆ, ಆ ತಾತ್ಕಾಲಿಕ ಫೈಲೂ ‘._’ ಎಂದೇ ಆರಂಭವಾಗುತ್ತದೆ. ವಿದ್ಯುತ್ ಹೋಗಿ ಕೆಲಸ ಅರ್ಧಕ್ಕೆ ನಿಂತಿದ್ದರೆ ಅದು ಹಾಗೆಯೇ ಉಳಿದುಕೊಂಡಿರುತ್ತದೆ.

ಲಿನಕ್ಸ್‌ನಲ್ಲಿ ‘ಫೈಲ್’ ಆದೇಶವನ್ನು ಕೊಟ್ಟರೆ ‘ಆ್ಯಪಲ್‌ಡಬಲ್ ಎನ್‌ಕೋಡೆಡ್ ಮ್ಯಾಕಿಂತೋಷ್ ಫೈಲ್’ ಎಂಬ ಉತ್ತರ ಬರಬೇಕು. ಕಣ್ಣಾರೆ ನೋಡುವುದಾದರೆ ಎಕ್ಸ್‌ಎಕ್ಸ್‌ಡಿ ಅಥವಾ ಹೆಕ್ಸ್‌ಡಂಪ್‌ನಿಂದ ಮೊದಲ 50 ಬೈಟುಗಳನ್ನು ತೆರೆದು ನೋಡಿ. ಮೊದಲ ನಾಲ್ಕು ಬೈಟುಗಳು 00 05 16 07 ಆಗಿದ್ದರೆ ಅದು ಆ್ಯಪಲ್‌ಡಬಲ್. 00 05 16 00 ಆಗಿದ್ದರೆ ಆ್ಯಪಲ್‌ಸಿಂಗಲ್. ಮುಂದಿನ ನಾಲ್ಕು 00 02 00 00, ಅಂದರೆ ಎರಡನೆಯ ಆವೃತ್ತಿ. ಅದರ ನಂತರದ 16 ಬೈಟುಗಳಲ್ಲಿ ‘ಮ್ಯಾಕ್ ಓಎಸ್ ಎಕ್ಸ್’ ಎಂಬ ಪದಗಳು ಸಾದಾ ಅಕ್ಷರಗಳಲ್ಲಿಯೇ ಕಾಣುತ್ತವೆ. ಬಳಿಕ ಎರಡು ಬೈಟುಗಳಲ್ಲಿ ನಮೂದುಗಳ ಸಂಖ್ಯೆ, ಸಾಮಾನ್ಯವಾಗಿ 00 02. ಅಲ್ಲಿಗೆ 26 ಬೈಟು ಮುಗಿಯುತ್ತವೆ.

ಮುಂದೆ ಪ್ರತಿ ನಮೂದಿಗೆ 12 ಬೈಟು: ನಾಲ್ಕು ಬೈಟಿನ ಗುರುತು ಸಂಖ್ಯೆ, ನಾಲ್ಕು ಬೈಟಿನ ಆರಂಭ ಸ್ಥಾನ, ನಾಲ್ಕು ಬೈಟಿನ ಉದ್ದ. ಗುರುತು ಸಂಖ್ಯೆ 9 ಇದ್ದರೆ ಫೈಂಡರ್ ಮಾಹಿತಿ, 2 ಇದ್ದರೆ ರಿಸೋರ್ಸ್ ಫೋರ್ಕ್. ಆಧುನಿಕ ಮ್ಯಾಕ್‌ಓಎಸ್ ವಿಸ್ತೃತ ಗುಣಲಕ್ಷಣಗಳನ್ನು ಫೈಂಡರ್ ಮಾಹಿತಿಯ ನಮೂದಿನೊಳಗೇ, 32 ಬೈಟುಗಳ ನಂತರ ಸೇರಿಸುತ್ತದೆ. ಫೈಲಿನ 84ನೆಯ ಸ್ಥಾನದಿಂದ ‘ಎಟಿಟಿಆರ್’ ಎಂಬ ನಾಲ್ಕು ಅಕ್ಷರಗಳು ಕಂಡರೆ ಅಲ್ಲಿಂದ ಗುಣಲಕ್ಷಣಗಳ ಪಟ್ಟಿ ಆರಂಭವೆಂದು ತಿಳಿಯಬೇಕು.

ಪೈಥಾನ್ ದೂರುವ 37ನೆಯ ಸ್ಥಾನ ಏನೆಂಬುದು ಈಗ ಸ್ಪಷ್ಟವಾಗುತ್ತದೆ. 4096 ಬೈಟಿನ ‘._’ ಫೈಲಿನಲ್ಲಿ ಫೈಂಡರ್ ಮಾಹಿತಿಯ ನಮೂದಿನ ಉದ್ದ 3760 ಬೈಟ್. ಹೆಕ್ಸ್‌ನಲ್ಲಿ ಬರೆದರೆ ಅದರ ಕೊನೆಯ ಬೈಟು ‘ಬಿ0’. ಸೊನ್ನೆಯಿಂದ ಎಣಿಸಿದರೆ ಆ ಬೈಟು ಬರುವುದು ಸರಿಯಾಗಿ 37ನೆಯ ಸ್ಥಾನದಲ್ಲಿ. ಅದಕ್ಕಿಂತ ಹಿಂದಿನ ಬೈಟುಗಳೆಲ್ಲ ಯುಟಿಎಫ್-8ಗೆ ಒಪ್ಪುವಂಥವು, ಆದ್ದರಿಂದ ಓದುವಿಕೆ ಅಲ್ಲಿಯವರೆಗೆ ಸಾಗಿ ಅಲ್ಲಿಯೇ ಎಡವುತ್ತದೆ. ಸಂದೇಶದಲ್ಲಿ 45ನೆಯ ಸ್ಥಾನ ಮತ್ತು ‘ಎ3’ ಎಂಬ ಬೈಟು ಕಂಡರೆ, ಅದು 163 ಬೈಟಿನ ‘._’ ಫೈಲು, ಅಲ್ಲಿ ರಿಸೋರ್ಸ್ ಫೋರ್ಕಿನ ಆರಂಭ ಸ್ಥಾನವೆಂದು ಬರೆದಿರುವ 163 ಎಂಬ ಸಂಖ್ಯೆಯೇ ಹೆಕ್ಸ್‌ನಲ್ಲಿ ‘ಎ3’. ಈ ಎರಡು ಸಂದೇಶಗಳಲ್ಲಿ ಯಾವುದು ಬಂದರೂ ಮೂಲ ಸಿಎಸ್‌ವಿ ಫೈಲಿನ ಎನ್‌ಕೋಡಿಂಗನ್ನು ಶಂಕಿಸುತ್ತ ಹೊತ್ತು ಕಳೆಯುವ ಅಗತ್ಯವಿಲ್ಲ. ಚುಕ್ಕೆಯಿಂದ ಆರಂಭವಾಗುವ ಹೆಸರುಗಳನ್ನು ಬಿಟ್ಟು ಓದುವಂತೆ ಪ್ರೋಗ್ರಾಮನ್ನು ತಿದ್ದಿದರೆ ಸಾಕು.

ಎರಡನೆಯ ಪರೀಕ್ಷೆ: ಒಳಗಿರುವುದು ಬೇಕಾದದ್ದೋ ಬೇಡವಾದದ್ದೋ

163 ಬೈಟಿನ ಫೈಲಿನಲ್ಲಿ ಸಾಮಾನ್ಯವಾಗಿ ಇರುವುದು ಪ್ರಾವೆನೆನ್ಸ್ ಒಂದೇ. ಶೀರ್ಷಿಕೆಗಳಿಗೆ 120 ಬೈಟು, ಗುಣಲಕ್ಷಣದ ಹೆಸರು ಮತ್ತು ವಿವರಕ್ಕೆ 32, ಅದರ ಮೌಲ್ಯಕ್ಕೆ 11; ಕೂಡಿದರೆ 163. ಮ್ಯಾಕ್‌ನ ಹೊರಗೆ ಇದಕ್ಕೆ ಯಾವ ಉಪಯೋಗವೂ ಇಲ್ಲ, ಧಾರಾಳವಾಗಿ ಅಳಿಸಬಹುದು. ಕ್ವಾರಂಟೈನ್ ಮತ್ತು ಕೊನೆಯ ಬಳಕೆಯ ದಿನಾಂಕದ ಗುಣಲಕ್ಷಣಗಳಿಗೂ ಇದೇ ಮಾತು ಸಲ್ಲುತ್ತದೆ.

4096 ಬೈಟಿನ ಫೈಲನ್ನು ಗಾತ್ರ ನೋಡಿ ತಳ್ಳಿಹಾಕುವಂತಿಲ್ಲ. ಅದರ ರಿಸೋರ್ಸ್ ಫೋರ್ಕಿನ ನಮೂದು 3810ನೆಯ ಸ್ಥಾನದಿಂದ 286 ಬೈಟು ಇದೆ ಎಂದು ಹೇಳುತ್ತಿದ್ದರೆ ಫೋರ್ಕ್ ಖಾಲಿ. ಅಲ್ಲಿಯೇ ತೆರೆದು ನೋಡಿದರೆ ‘ಈ ರಿಸೋರ್ಸ್ ಫೋರ್ಕನ್ನು ಉದ್ದೇಶಪೂರ್ವಕವಾಗಿ ಖಾಲಿ ಬಿಡಲಾಗಿದೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಕಾಣುತ್ತದೆ. 256 ಬೈಟಿನ ತಲೆಭಾಗ ಮತ್ತು 30 ಬೈಟಿನ ಖಾಲಿ ನಕ್ಷೆ ಸೇರಿದರೆ 286. ಹೀಗಾಗಿ ರಿಸೋರ್ಸ್ ಫೋರ್ಕ್ ನಮೂದಿನ ಉದ್ದ ಸೊನ್ನೆ ಅಥವಾ 286 ಇದ್ದರೆ ಫೋರ್ಕಿನಲ್ಲಿ ಕಳೆದುಕೊಳ್ಳುವುದೇನೂ ಇಲ್ಲ, ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಒಳಗೆ ನಿಜವಾದ ವಸ್ತು ಇದೆ. ಸಾವಿರಾರು ಫೈಲುಗಳನ್ನು ವಿಂಗಡಿಸಲು ಈ ಒಂದು ಸಂಖ್ಯೆಯನ್ನು ಓದುವ ಪುಟ್ಟ ಸ್ಕ್ರಿಪ್ಟ್ ಸಾಕು. ಸಂಖ್ಯೆಗಳು ಬಿಗ್ ಎಂಡಿಯನ್ ಕ್ರಮದಲ್ಲಿವೆ, ಅಂದರೆ ಹೆಚ್ಚಿನ ಬೆಲೆಯ ಬೈಟು ಮೊದಲು ಬರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು, ಇಲ್ಲವಾದರೆ 286 ಎಂಬುದು ಕೋಟಿಗಳಲ್ಲಿ ಕಾಣಿಸುತ್ತದೆ.

ಫೋರ್ಕ್ ಖಾಲಿಯಿದ್ದರೂ ಇನ್ನೆರಡು ಸಂಗತಿಗಳನ್ನು ನೋಡಬೇಕು. ಒಂದು, 50ನೆಯ ಸ್ಥಾನದಿಂದ ಆರಂಭವಾಗುವ ಫೈಂಡರ್ ಮಾಹಿತಿ. ಅಲ್ಲಿ ಎಂಟು ಸೊನ್ನೆಗಳ ಬದಲು ಅಕ್ಷರಗಳಿದ್ದರೆ, ಹೆಸರಿನ ಕೊನೆಯಲ್ಲಿ ಎಕ್ಸ್‌ಟೆನ್ಷನ್ ಇಲ್ಲದ ಹಳೆಯ ಫೈಲು ಯಾವ ಬಗೆಯದು ಎಂದು ತಿಳಿಯಲು ಇರುವ ಸುಳಿವು ಹೆಚ್ಚಿನ ವೇಳೆ ಅದೊಂದೇ. ಎರಡು, ‘ಯೂಸರ್‌ಟ್ಯಾಗ್ಸ್’ ಎಂದು ಕೊನೆಗೊಳ್ಳುವ ಗುಣಲಕ್ಷಣ. ಛಾಯಾಚಿತ್ರಗಳನ್ನೋ ಹಸ್ತಪ್ರತಿಗಳ ಸ್ಕ್ಯಾನ್‌ಗಳನ್ನೋ ಬಣ್ಣದ ಟ್ಯಾಗುಗಳಿಂದ ವಿಂಗಡಿಸಿಟ್ಟವರ ಇಡೀ ದುಡಿಮೆ ಅಲ್ಲಿರುತ್ತದೆ, ಮತ್ತು ಅದು ಬೇರೆಲ್ಲೂ ಇರುವುದಿಲ್ಲ. ಇದಕ್ಕೆ ವಿರುದ್ಧವಾಗಿ ‘ವೇರ್‌ಫ್ರಮ್ಸ್’ ಎಂಬ ಗುಣಲಕ್ಷಣದಲ್ಲಿ ಫೈಲನ್ನು ಇಳಿಸಿಕೊಂಡ ಪೂರ್ಣ ಜಾಲವಿಳಾಸ ಇರುತ್ತದೆ. ಸಂಗ್ರಹವನ್ನು ಹೊರಗಿನವರಿಗೆ ಹಂಚುವ ಮೊದಲು ಅದನ್ನು ತೆಗೆಯುವುದು ಒಳ್ಳೆಯದು, ಏಕೆಂದರೆ ಖಾಸಗಿ ಕೊಂಡಿಗಳೂ ಅಲ್ಲಿ ಸೇರಿಕೊಂಡಿರಬಹುದು.

0 ಬೈಟಿನ ಫೈಲುಗಳು

ಹಳೆಯ ಮ್ಯಾಕ್‌ನ ಫಾಂಟ್ ಸೂಟ್‌ಕೇಸುಗಳು ಮತ್ತು ಪೋಸ್ಟ್‌ಸ್ಕ್ರಿಪ್ಟ್ ಟೈಪ್ 1 ಫಾಂಟುಗಳು ತಮ್ಮ ಸರ್ವಸ್ವವನ್ನೂ ರಿಸೋರ್ಸ್ ಫೋರ್ಕಿನಲ್ಲಿ ಇಡುತ್ತವೆ. ಡೇಟಾ ಫೋರ್ಕ್ ಖಾಲಿ. ಹಾಗಾಗಿ ಲಿನಕ್ಸ್ ಅಥವಾ ವಿಂಡೋಸ್‌ನಲ್ಲಿ 0 ಬೈಟ್ ಎಂದು ತೋರುವುದು ಸಹಜ, ಫೈಲು ಹಾಳಾಗಿದೆ ಎಂದು ಅರ್ಥವಲ್ಲ. ಆಗಿನ ಕಾಲದಲ್ಲಿ ಮ್ಯಾಕ್‌ನಲ್ಲಿ ಪುಟವಿನ್ಯಾಸ ಮಾಡುತ್ತಿದ್ದ ಮುದ್ರಣಾಲಯಗಳ ಹಳೆಯ ಬ್ಯಾಕಪ್‌ಗಳನ್ನು ಈಗ ತೆರೆದು ನೋಡುವವರು ಈ ಹಂತದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಫೋಲ್ಡರಿಗೆ ಹಾಕಿದ ವಿಶೇಷ ಐಕಾನಿನ ಫೈಲೂ ಹೀಗೆಯೇ 0 ಬೈಟ್ ಇರುತ್ತದೆ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಪಕ್ಕದ ‘._’ ಫೈಲು ಇನ್ನೂ ಇದ್ದರೆ ಕೆಲಸ ಸುಲಭ. ಜೋಡಿ ಫೈಲುಗಳೆರಡನ್ನೂ ಒಟ್ಟಿಗೆ ಎಕ್ಸ್‌ಫ್ಯಾಟ್ ಡಿಸ್ಕಿನ ಒಂದೇ ಫೋಲ್ಡರಿನಲ್ಲಿ ಇರಿಸಿ, ಡಿಸ್ಕನ್ನು ಮ್ಯಾಕ್‌ಗೆ ಜೋಡಿಸಿ, ಮುಖ್ಯ ಫೈಲನ್ನು ಮಾತ್ರ ಎಪಿಎಫ್‌ಎಸ್ ಡಿಸ್ಕಿಗೆ ಎಳೆದು ಹಾಕಿದರೆ ಮ್ಯಾಕ್‌ಓಎಸ್ ಎರಡನ್ನೂ ತಾನೇ ಬೆಸೆಯುತ್ತದೆ. ಟಾರ್ (ಹಲವು ಫೈಲುಗಳನ್ನು ಒಂದೇ ಕಟ್ಟಾಗಿ ಮಾಡುವ ತಂತ್ರಾಂಶ) ಅಥವಾ ನೆಟ್‌ವರ್ಕ್ ಮೂಲಕ ಬಂದು ಎಪಿಎಫ್‌ಎಸ್ ಮೇಲೆಯೇ ಬೇರೆ ಬೇರೆ ಫೈಲುಗಳಾಗಿ ಕೂತಿದ್ದರೆ, ‘ಡಾಟ್_ಕ್ಲೀನ್’ ಆದೇಶವನ್ನು ಆ ಫೋಲ್ಡರಿಗೆ ಕೊಡಬೇಕು. ಅದರ ಪೂರ್ವನಿಯೋಜಿತ ನಡೆಯಲ್ಲಿ, ಒಂದೇ ಗುಣಲಕ್ಷಣ ಮುಖ್ಯ ಫೈಲಿನಲ್ಲಿಯೂ ‘._’ ಫೈಲಿನಲ್ಲಿಯೂ ಇದ್ದರೆ ಇತ್ತೀಚಿನದಕ್ಕೆ ಆದ್ಯತೆ ಸಿಗುತ್ತದೆ. ‘._’ ಫೈಲಿನಲ್ಲಿರುವುದನ್ನೇ ಉಳಿಸಬೇಕಾದರೆ ‘ಕೀಪ್’ ಆಯ್ಕೆಗೆ ‘ಡಾಟ್‌ಬಾರ್’ ಎಂದು ಕೊಡಬೇಕು. ‘ಎನ್’ ಆಯ್ಕೆಯನ್ನು ಮೊದಲ ಸಲವೇ ಬಳಸಬೇಡಿ. ಅದು ಜೋಡಿ ಸಿಗದ ‘._’ ಫೈಲುಗಳನ್ನು ಅಳಿಸುತ್ತದೆ, ಮತ್ತು ಜೋಡಿ ಸಿಗದಿರುವುದಕ್ಕೆ ಹೆಸರಿನ ತೊಡಕೂ ಕಾರಣವಾಗಿರಬಹುದು. ಆ ವಿಷಯ ಮುಂದೆ ಬರುತ್ತದೆ.

ಮ್ಯಾಕ್ ಕೈಗೆ ಸಿಗದಿದ್ದರೆ ಲಿನಕ್ಸ್‌ನಲ್ಲಿಯೇ ಫೋರ್ಕನ್ನು ಕತ್ತರಿಸಿ ತೆಗೆಯಬಹುದು. ರಿಸೋರ್ಸ್ ಫೋರ್ಕ್ ನಮೂದಿನಲ್ಲಿರುವ ಆರಂಭ ಸ್ಥಾನವನ್ನೂ ಉದ್ದವನ್ನೂ ಓದಿಕೊಂಡು, ‘ಡಿಡಿ’ ಆದೇಶಕ್ಕೆ ಬ್ಲಾಕ್ ಗಾತ್ರ 1, ಸ್ಕಿಪ್ ಎಂಬಲ್ಲಿ ಆರಂಭ ಸ್ಥಾನ, ಕೌಂಟ್ ಎಂಬಲ್ಲಿ ಉದ್ದವನ್ನು ಕೊಟ್ಟರೆ ಶುದ್ಧ ಫೋರ್ಕ್ ಬೇರೆ ಫೈಲಾಗಿ ಸಿಗುತ್ತದೆ. ಸರಿಯಾಗಿ ಕತ್ತರಿಸಿದ್ದರೆ ಅದರ ಮೊದಲ ನಾಲ್ಕು ಬೈಟುಗಳು ಬಹುಮಟ್ಟಿಗೆ 00 00 01 00 ಇರುತ್ತವೆ, ಅಂದರೆ ದತ್ತಾಂಶ 256ನೆಯ ಬೈಟಿನಿಂದ ಆರಂಭ. ಅಲ್ಲಿಂದ ಮುಂದೆ ‘ಫಾಂಡು’ವಿನಂಥ ತಂತ್ರಾಂಶ ಫಾಂಟನ್ನು ಇಂದಿನ ರೂಪಕ್ಕೆ ತರಬಲ್ಲದು.

‘._’ ಫೈಲುಗಳನ್ನು ಈಗಾಗಲೇ ಯಾರೋ ಅಳಿಸಿದ್ದರೆ, 0 ಬೈಟಿನ ಫೈಲಿನಿಂದ ಏನನ್ನೂ ಮರಳಿ ಪಡೆಯಲಾಗದು. ಮೂಲ ಡಿಸ್ಕನ್ನು ಹುಡುಕುವುದೊಂದೇ ದಾರಿ. ಅದು ಸಿಗುವವರೆಗೂ ಖಾಲಿ ಹೆಸರುಗಳನ್ನು ಎಸೆಯದೆ ಇಟ್ಟುಕೊಳ್ಳಿ. ಏನೇನು ಕಳೆದಿದೆ ಎಂಬುದಕ್ಕೆ ಇರುವ ಪಟ್ಟಿ ಅದೊಂದೇ.

ಜೋಡಿ ಸಿಗದ ಫೈಲುಗಳು ಮತ್ತು ಕನ್ನಡದ ಹೆಸರುಗಳು

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳಿರುವ ಸಂಗ್ರಹದಲ್ಲಿ ಲಿನಕ್ಸ್‌ನ ಸ್ಕ್ರಿಪ್ಟೊಂದು ನೂರಾರು ‘._’ ಫೈಲುಗಳಿಗೆ ಜೋಡಿಯೇ ಇಲ್ಲವೆಂದು ವರದಿ ಮಾಡಬಹುದು. ಪರದೆಯ ಮೇಲೆ ನೋಡಿದರೆ ಎರಡೂ ಹೆಸರು ಅಕ್ಷರಶಃ ಒಂದೇ ಇರುತ್ತವೆ. ಇದಕ್ಕೆ ಕಾರಣ ಯೂನಿಕೋಡ್‌ನ ಎರಡು ಬರವಣಿಗೆಯ ಕ್ರಮಗಳು. ‘ಕೋಲಾರ’ ಎಂಬ ಹೆಸರಿನಲ್ಲಿರುವ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಅಥವಾ ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆಗಳೆಂಬ ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಈಕಾರ, ಏಕಾರ, ಐಕಾರ, ಒಕಾರಗಳ ಚಿಹ್ನೆಗಳೂ ಹೀಗೆಯೇ ಎರಡೆರಡಾಗಿ ಬಿಡಿಸಿಕೊಳ್ಳುತ್ತವೆ. ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಂ ಆದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಸಂಗ್ರಹಿಸುತ್ತಿತ್ತು. ಎಪಿಎಫ್‌ಎಸ್ ಕೊಟ್ಟ ರೂಪವನ್ನೇ ಉಳಿಸಿಕೊಂಡು, ಹೋಲಿಸುವಾಗ ಎರಡನ್ನೂ ಒಂದೇ ಎಂದು ಪರಿಗಣಿಸುತ್ತದೆ. ಲಿನಕ್ಸ್‌ನ ಸಾಮಾನ್ಯ ಫೈಲ್ ಸಿಸ್ಟಂ ಆದ ಎಕ್ಸ್‌ಟಿ4 ಮಾತ್ರ ಬೈಟುಗಳನ್ನಷ್ಟೇ ನೋಡುತ್ತದೆ. ಮುಖ್ಯ ಫೈಲನ್ನು ಯಾರೋ ಲಿನಕ್ಸ್‌ನಲ್ಲಿ ಮರುನಾಮಕರಣ ಮಾಡಿದ್ದರೆ ಅಥವಾ ಯಾವುದೋ ತಂತ್ರಾಂಶ ಹೆಸರನ್ನು ಕೂಡಿಸಿದ ರೂಪಕ್ಕೆ ತಂದಿದ್ದರೆ, ‘._’ ಫೈಲು ಮಾತ್ರ ಬಿಡಿಸಿದ ರೂಪದಲ್ಲಿ ಉಳಿದುಹೋಗುತ್ತದೆ.

ಹೆಸರನ್ನು ಎಕ್ಸ್‌ಎಕ್ಸ್‌ಡಿಗೆ ಕೊಟ್ಟು ಬೈಟುಗಳನ್ನು ಹೋಲಿಸಿದರೆ ವ್ಯತ್ಯಾಸ ಕೂಡಲೇ ಕಾಣುತ್ತದೆ. ‘ಕಾನ್ವ್‌ಎಂವಿ’ ಎಂಬ ಆದೇಶಕ್ಕೆ ಎರಡೂ ಕಡೆ ಯುಟಿಎಫ್-8 ಎಂದು ಹೇಳಿ, ‘ಎನ್‌ಎಫ್‌ಸಿ’ ಆಯ್ಕೆಯನ್ನು ಕೊಟ್ಟರೆ ಇಡೀ ಸಂಗ್ರಹದ ಹೆಸರುಗಳು ಕೂಡಿಸಿದ ರೂಪಕ್ಕೆ ಬರುತ್ತವೆ. ‘ನೋಟೆಸ್ಟ್’ ಎಂದು ಸೇರಿಸದಿದ್ದರೆ ಅದು ಏನು ಮಾಡಲಿದೆ ಎಂದು ತೋರಿಸಿ ಸುಮ್ಮನಾಗುತ್ತದೆ. ಮೊದಲು ಹಾಗೆಯೇ ನಡೆಸಿ ಪಟ್ಟಿಯನ್ನು ಓದಿಕೊಳ್ಳಿ.

ಉದ್ದನೆಯ ಹೆಸರುಗಳದ್ದು ಇನ್ನೊಂದು ತೊಡಕು. ಎಕ್ಸ್‌ಟಿ4ನಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ನಲ್ಲಿ ಮೂರು ಬೈಟು ಬೇಕಾಗುವುದರಿಂದ 85 ಸಂಕೇತಗಳಿಗೆ ಮಿತಿ ಮುಗಿಯುತ್ತದೆ, ಮತ್ತು ಬಿಡಿಸಿದ ರೂಪದಲ್ಲಿ ಅದು ಇನ್ನೂ ಬೇಗ ತುಂಬುತ್ತದೆ. ಮುಖ್ಯ ಫೈಲಿನ ಹೆಸರು 254 ಬೈಟ್ ಇದ್ದರೂ ‘._’ ಸೇರಿದಾಗ 256 ಆಗುತ್ತದೆ: ಮುಖ್ಯ ಫೈಲು ನಕಲಾಗುತ್ತದೆ, ಜೊತೆಯದು ಆಗುವುದಿಲ್ಲ. ‘ಹೆಸರು ಅತಿ ಉದ್ದವಾಯಿತು’ ಎಂಬ ಸಂದೇಶ ನಕಲಿನ ಲಾಗ್‌ನಲ್ಲಿದೆಯೇ ಎಂದು ಹುಡುಕಿ ನೋಡುವುದು ಈ ಕಾರಣಕ್ಕೆ ಅವಶ್ಯ.

ಜಿಪ್ ಮತ್ತು ಟಾರ್ ಮೂಲಕ ಬಂದವು

ಫೈಂಡರ್‌ನಿಂದ ಮಾಡಿದ ಜಿಪ್‌ನಲ್ಲಿ ‘._’ ಫೈಲುಗಳು ಮುಖ್ಯ ಫೈಲಿನ ಪಕ್ಕದಲ್ಲಿ ಇರದೆ, ‘__ಮ್ಯಾಕ್‌ಓಎಸ್‌ಎಕ್ಸ್’ ಎಂಬ ಪ್ರತ್ಯೇಕ ಫೋಲ್ಡರಿನಲ್ಲಿ ಅದೇ ಒಳವಿನ್ಯಾಸದೊಂದಿಗೆ ಇರುತ್ತವೆ. ಪರೀಕ್ಷೆಯ ಕ್ರಮ ಮೇಲಿನದೇ. ಜಿಪ್‌ನೊಳಗಿನ ಕನ್ನಡದ ಹೆಸರುಗಳು ಬಿಚ್ಚಿದ ಮೇಲೆ ಗ್ರೀಕ್ ಆಲ್ಫಾ ಮತ್ತು ಚುಕ್ಕೆ ತುಂಬಿದ ಚೌಕಗಳ ಸಾಲಾಗಿ ಕಂಡರೆ, ಯುಟಿಎಫ್-8 ಹೆಸರನ್ನು ಹಳೆಯ ಕೋಡ್‌ಪೇಜ್ 437 ಎಂದು ಓದಲಾಗಿದೆ ಎಂದು ತಿಳಿಯಿರಿ. ಬಿಚ್ಚುವಾಗ ಹೆಸರಿನ ಎನ್‌ಕೋಡಿಂಗನ್ನು ಯುಟಿಎಫ್-8 ಎಂದು ಹೇಳಬಲ್ಲ ‘ಅನ್‌ಆರ್’ನಂಥ ತಂತ್ರಾಂಶವನ್ನು ಬಳಸಬೇಕು.

ಟಾರ್‌ನಲ್ಲಿ ಒಂದು ಮೋಸದ ತಿರುವಿದೆ. ಮ್ಯಾಕ್‌ನ ಟಾರ್ ‘._’ ನಮೂದುಗಳನ್ನು ಬರೆಯುತ್ತದೆ, ಆದರೆ ಪಟ್ಟಿ ತೋರಿಸುವಾಗ ಅವನ್ನು ಮುಖ್ಯ ಫೈಲಿನೊಂದಿಗೆ ಬೆಸೆದು ಮರೆಮಾಡುತ್ತದೆ. ಕಳಿಸಿದವರು ‘ನಮ್ಮಲ್ಲಿ ಅಂಥ ಫೈಲುಗಳೇ ಇಲ್ಲ’ ಎಂದು ಹೇಳುವುದು ಪ್ರಾಮಾಣಿಕವಾದ ಮಾತೇ. ಹಾಗಾಗಿ ಪಟ್ಟಿಯನ್ನು ಯಾವಾಗಲೂ ಲಿನಕ್ಸ್‌ನಲ್ಲಿ ತೆಗೆದು ನೋಡಬೇಕು. ಅಲ್ಲಿ ಗ್ನೂ ಟಾರ್, ‘ಲಿಬ್‌ಆರ್ಕೈವ್.ಎಕ್ಸ್‌ಆಟರ್’ ಎಂದು ಆರಂಭವಾಗುವ ಅಪರಿಚಿತ ಶೀರ್ಷಿಕೆಯನ್ನು ಕಡೆಗಣಿಸುತ್ತಿರುವುದಾಗಿ ಎಚ್ಚರಿಸಿದರೆ ಹೆದರಬೇಕಿಲ್ಲ. ಫೈಲಿನ ದತ್ತಾಂಶ ಪೂರ್ಣವಾಗಿ ಹೊರಬರುತ್ತದೆ, ಗುಣಲಕ್ಷಣಗಳು ಮಾತ್ರ ಬಿಟ್ಟುಹೋಗುತ್ತವೆ.

ಮೆಟಾಡೇಟಾ ಬೇಡವೆಂದು ಖಚಿತವಾಗಿದ್ದರೆ ಕಳಿಸುವ ಕಡೆಯಲ್ಲಿಯೇ ತಡೆಯುವುದು ಉತ್ತಮ: ಮ್ಯಾಕ್‌ನಲ್ಲಿ ಟಾರ್ ನಡೆಸುವ ಮೊದಲು ‘ಕಾಪಿಫೈಲ್_ಡಿಸೇಬಲ್’ ಎಂಬ ಪರಿಸರ ಚರಕ್ಕೆ 1 ಎಂದು ಕೊಡಿ.

ಸಾಂಬಾ ಸರ್ವರಿನಲ್ಲಿ

ಲಿನಕ್ಸ್‌ನ ಫೋಲ್ಡರುಗಳನ್ನು ನೆಟ್‌ವರ್ಕಿನಲ್ಲಿ ಹಂಚುವ ತಂತ್ರಾಂಶ ಸಾಂಬಾ. ಮ್ಯಾಕ್‌ಗಳು ಬಳಸುವ ಸಾಂಬಾ ಸರ್ವರಿನಲ್ಲಿ ‘ಫ್ರೂಟ್’ ಮಾಡ್ಯೂಲ್ ಹಾಕಿದ್ದರೆ, ಪೂರ್ವನಿಯೋಜಿತವಾಗಿ ರಿಸೋರ್ಸ್ ಫೋರ್ಕುಗಳು ಸರ್ವರಿನ ಡಿಸ್ಕಿನಲ್ಲಿ ‘._’ ಫೈಲುಗಳಾಗಿಯೇ ಇರುತ್ತವೆ, ಮತ್ತು ಅವು ನೆಟ್‌ವರ್ಕಿನಲ್ಲಿ ಕಾಣದಂತೆ ತಡೆಯಲಾಗಿರುತ್ತದೆ. ಈ ತಡೆಯಿಂದ ಎರಡು ವಿಚಿತ್ರ ದೋಷಗಳು ಹುಟ್ಟುತ್ತವೆ. ಮ್ಯಾಕ್‌ನಲ್ಲಿ ಮಾಡಿದ ಜಿಪ್ ಅನ್ನು ನೇರವಾಗಿ ಸರ್ವರಿನ ಫೋಲ್ಡರಿನಲ್ಲಿ ಬಿಚ್ಚಲು ಹೋದರೆ ವಿಫಲವಾಗುತ್ತದೆ. ಆರ್‌ಸಿಂಕ್ ಎಲ್ಲ ಫೈಲುಗಳನ್ನೂ ನಕಲಿಸಿ, ಅಂಡರ್‌ಸ್ಕೋರಿನಿಂದ ಆರಂಭವಾಗುವ ಹೆಸರುಗಳಲ್ಲಿ ಮಾತ್ರ ಸೋಲುತ್ತದೆ. ಮೇಲೆ ಹೇಳಿದ ತಾತ್ಕಾಲಿಕ ಹೆಸರೇ ಅದಕ್ಕೆ ಕಾರಣ. ‘ಫ್ರೂಟ್:ವೀಟೋ_ಆ್ಯಪಲ್‌ಡಬಲ್’ ಎಂಬುದಕ್ಕೆ ‘ನೋ’ ಎಂದು ಕೊಟ್ಟರೆ ಎರಡೂ ಬಗೆಹರಿಯುತ್ತವೆ.

ಫೋರ್ಕುಗಳನ್ನು ಫೈಲಿನ ಬದಲು ಸ್ಟ್ರೀಮ್ ಆಗಿ, ಅಂದರೆ ಲಿನಕ್ಸ್‌ನ ವಿಸ್ತೃತ ಗುಣಲಕ್ಷಣದಲ್ಲಿ ಇಡುವಂತೆ ಬದಲಿಸುವ ಸಲಹೆಯೂ ಚಾಲ್ತಿಯಲ್ಲಿದೆ. ಚಿಕ್ಕ ಟ್ಯಾಗುಗಳಿಗೆ ಅದು ಸಾಕು. ಆದರೆ ಎಕ್ಸ್‌ಟಿ4 ಸಾಮಾನ್ಯವಾಗಿ ಒಂದು ಫೈಲಿನ ಗುಣಲಕ್ಷಣಗಳಿಗೆ ಕೊಡುವುದು ಒಂದು ಬ್ಲಾಕಿನಷ್ಟು, ಅಂದರೆ 4 ಕೆಬಿಯ ಆಸುಪಾಸಿನ ಜಾಗ. ಎಕ್ಸ್‌ಎಫ್‌ಎಸ್‌ನಲ್ಲಿಯೂ ಒಂದು ಮೌಲ್ಯದ ಮಿತಿ 64 ಕೆಬಿ. ದೊಡ್ಡ ಫಾಂಟ್ ಸೂಟ್‌ಕೇಸು ಅಲ್ಲಿ ಹಿಡಿಸುವುದಿಲ್ಲ. ರಿಸೋರ್ಸ್ ಫೋರ್ಕ್ ಇರುವ ಹಳೆಯ ಸಂಗ್ರಹಗಳಿಗೆ ‘._’ ಫೈಲಿನ ಪದ್ಧತಿಯೇ ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಮಯದಲ್ಲಿ ಐದೂವರೆ ಗಂಟೆಯ ವ್ಯತ್ಯಾಸ

ಫೈಲಿನ ಮಾರ್ಪಾಡಿನ ಸಮಯ ಬದಲಾಗಿದ್ದರೆ ಅದಕ್ಕೆ ಆ್ಯಪಲ್‌ಡಬಲ್ ಕಾರಣವಲ್ಲ. ಫ್ಯಾಟ್32 ಸಮಯವನ್ನು ಎರಡು ಸೆಕೆಂಡುಗಳ ನಿಖರತೆಯಲ್ಲಿ, ಸ್ಥಳೀಯ ಸಮಯವಾಗಿ, ಯಾವ ವಲಯದ್ದೆಂದು ಹೇಳದೆ ಬರೆಯುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನ 3 ಗಂಟೆಗೆ ಬರೆದ ಫೈಲನ್ನು ಯುಟಿಸಿ ವಲಯದಲ್ಲಿರುವ ಸರ್ವರ್ ಓದಿದರೆ, ಅದು 3 ಗಂಟೆ ಯುಟಿಸಿ, ಅಂದರೆ ನಮ್ಮ ರಾತ್ರಿ 8:30 ಎಂದಾಗುತ್ತದೆ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಇದ್ದರೆ ಡಿಸ್ಕನ್ನು ಮೌಂಟ್ ಮಾಡುವಾಗ ‘ಟೈಮ್_ಆಫ್‌ಸೆಟ್’ ಆಯ್ಕೆಗೆ 330 ನಿಮಿಷ ಎಂದು ಕೊಟ್ಟು, ನಂತರ ನಕಲಿಸಿ. ಒಂದೆರಡು ಸೆಕೆಂಡಿನ ವ್ಯತ್ಯಾಸದಿಂದ ಆರ್‌ಸಿಂಕ್ ಪ್ರತಿಸಲವೂ ಎಲ್ಲವನ್ನೂ ಮತ್ತೆ ನಕಲಿಸುತ್ತಿದ್ದರೆ ‘ಮಾಡಿಫೈ-ವಿಂಡೋ’ಗೆ 1 ಎಂದು ಕೊಡಿ. ಎಕ್ಸ್‌ಫ್ಯಾಟ್‌ನಲ್ಲಿ ಯುಟಿಸಿಯಿಂದ ಎಷ್ಟು ಅಂತರ ಎಂದು ಬರೆಯಲು ಸ್ಥಳವಿದೆ, ಆದರೆ ಅದನ್ನು ತುಂಬುವುದು ಬರೆಯುವ ತಂತ್ರಾಂಶಕ್ಕೆ ಬಿಟ್ಟದ್ದು.

ಅಳಿಸುವ ಕ್ರಮ

ಇಷ್ಟೆಲ್ಲ ಪರೀಕ್ಷೆ ಮುಗಿದ ಮೇಲೆ, ಮೂಲ ಡಿಸ್ಕನ್ನು ಓದಲು ಮಾತ್ರ ಎಂಬಂತೆ ಮೌಂಟ್ ಮಾಡಿಟ್ಟು, ನಕಲಿನ ಮೇಲೆ ಕೆಲಸ ಮಾಡಿ. ಹೆಸರು ‘._’ ಎಂದು ಆರಂಭವಾಗಿ, ಮೊದಲ ನಾಲ್ಕು ಬೈಟು 00 05 16 07 ಆಗಿದ್ದು, ರಿಸೋರ್ಸ್ ಫೋರ್ಕ್ ನಮೂದೇ ಇಲ್ಲದಿದ್ದರೆ ಅಥವಾ ಅದರ ಉದ್ದ ಸೊನ್ನೆ ಇಲ್ಲವೇ 286 ಆಗಿದ್ದು, ಫೈಂಡರ್ ಮಾಹಿತಿಯ ಮೊದಲ ಎಂಟು ಬೈಟು ಸೊನ್ನೆಯಾಗಿದ್ದು, ಟ್ಯಾಗುಗಳೂ ಇಲ್ಲದಿದ್ದರೆ ಅಂಥ ಫೈಲನ್ನು ಅಳಿಸಬಹುದು. ಈ ನಿಯಮಕ್ಕೆ ಸಿಗದ ಫೈಲುಗಳನ್ನು ಅವುಗಳ ಜೋಡಿಯೊಂದಿಗೆ ಒಂದೇ ಫೋಲ್ಡರಿನಲ್ಲಿ ಹಾಗೆಯೇ ಬಿಡಿ. ಸರ್ವರಿನ ಬ್ಯಾಕಪ್ ವ್ಯವಸ್ಥೆ ಚುಕ್ಕೆಯಿಂದ ಆರಂಭವಾಗುವ ಹೆಸರುಗಳನ್ನು ಕೈಬಿಡುತ್ತಿಲ್ಲವೆಂದು ಅದರ ಹೊರಗಿಡುವ ಪಟ್ಟಿಯನ್ನು ತೆರೆದು ಖಚಿತಪಡಿಸಿಕೊಳ್ಳಿ. ಗಿಟ್‌ನ ಒಳಫೋಲ್ಡರಿನಲ್ಲಿರುವ ‘._’ ಫೈಲುಗಳಲ್ಲಿ ಮೊದಲ ನಾಲ್ಕು ಬೈಟುಗಳನ್ನು ನೋಡಿದರೆ ಸಾಕು, ಉಳಿದ ಪರೀಕ್ಷೆ ಬೇಕಿಲ್ಲ. ಅಳಿಸಿದ ಬಳಿಕ ‘ಗಿಟ್ ಎಫ್‌ಎಸ್‌ಸಿಕೆ’ ನಡೆಸಿ, ‘ನಾನ್-ಮೊನೊಟೋನಿಕ್ ಇಂಡೆಕ್ಸ್’ ಸಂದೇಶ ಮತ್ತೆ ಬರುತ್ತಿಲ್ಲವೆಂದು ನೋಡಿಕೊಳ್ಳಿ.